ಹಳೇ 800: ಕ್ಲಚ್ ಕಲ್ಲಾಗಿದೆ, ಸೆಲ್ಫ್ ಎಳೆಯುತ್ತಿಲ್ಲ. ಗೇರ್ ಬಾಕ್ಸ್ ಮತ್ತೆ ಇಳಿಸಬೇಕಾ?

ತುಂಗೆ ದಡದವ · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಹತ್ತಿರ. ಗಾಡಿ 1997ರ ಮಾರುತಿ 800, ಕಾರ್ಬೊರೇಟರ್, ನಾಲ್ಕು ಗೇರಿನದು. ಅಪ್ಪ ಹೊಸದಾಗಿ ತೆಗೆದುಕೊಂಡಿದ್ದು, ಈಗ ನನ್ನ ಕೈಲಿದೆ.

ಐದು ತಿಂಗಳ ಹಿಂದೆ ಪೇಟೆಯ ಒಂದು ಗ್ಯಾರೇಜಿನಲ್ಲಿ ಗೇರ್ ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಮೂರೂ ಹೊಸದು ಹಾಕಿಸಿದೆ. ಒಂದು ತಿಂಗಳು ಬೆಣ್ಣೆ. ಆಮೇಲೆ ಶುರುವಾಯಿತು ನೋಡಿ ಕಾಟ.

ಕ್ಲಚ್ ಪೆಡಲ್ ದಿನದಿಂದ ದಿನಕ್ಕೆ ಬಿಗಿ. ಶಿವಮೊಗ್ಗಕ್ಕೆ ಹೋಗಿ ಬಂದರೆ ಎಡಗಾಲು ಹಿಡಿದುಕೊಳ್ಳುತ್ತದೆ. ರಿವರ್ಸ್ ಹಾಕಿದರೆ ಕರ್ರ್ ಎಂದು ಇಡೀ ಓಣಿಗೆ ಕೇಳುತ್ತದೆ. ನಿಂತಲ್ಲಿ ಫಸ್ಟ್ ಗೇರೂ ಸಲೀಸಾಗಿ ಬೀಳುವುದಿಲ್ಲ. ಇದರ ಜೊತೆಗೆ ಬೆಳಿಗ್ಗೆ ಸೆಲ್ಫ್ ಹೊಡೆದರೆ ಉರ್ರ್... ಉರ್ರ್... ಎಂದು ಅಜ್ಜ ಅಟ್ಟ ಹತ್ತಿದ ಹಾಗೆ. ಕೆಲವು ದಿನ ಬರೀ ಟಕ್ ಅಂದು ಸುಮ್ಮನಾಗುತ್ತದೆ. ಬ್ಯಾಟರಿಗೆ ಇನ್ನೂ ಎಂಟೇ ತಿಂಗಳು.

ಮೆಕ್ಯಾನಿಕ್ ಹೇಳಿದ್ದು: ಪ್ಲೇಟು ಸರಿಯಿಲ್ಲ, ಮತ್ತೆ ಇಳಿಸಬೇಕು, ಆರೂವರೆ ಸಾವಿರ. ಎಲೆಕ್ಟ್ರಿಷಿಯನ್ ಹೇಳಿದ್ದು: ಸೆಲ್ಫ್ ಮೋಟಾರ್ ಬಿಚ್ಚಬೇಕು, ಎರಡು ಸಾವಿರ. ಬ್ಯಾಟರಿ ಅಂಗಡಿಯವರು ಹೇಳಿದ್ದು: ಬ್ಯಾಟರಿ ಹೋಗಿದೆ. ಮೂವರ ಮಾತೂ ಕೇಳಿದರೆ ಗಾಡಿಯ ಕಾಲು ಬೆಲೆ ಅಲ್ಲೇ ಖಾಲಿ. ಎಲ್ಲಿಂದ ಶುರು ಮಾಡಲಿ?

ಸೋಮಾರಿ ಸವಾರ · 9:15

ಮಾರಿಬಿಡಿ.

ತುಂಗೆ ದಡದವ · 9:16

ಸಲಹೆಗೆ ಥ್ಯಾಂಕ್ಸ್. ಮುಂದಿನವರು?

ಧಾರವಾಡ ಫೇಡಾ · 9:40

ಮಾರೋ ಮಾತು ಬಿಡ್ರಿ. ಮೊದಲ ಒಂದು ಕೆಲಸ ಮಾಡ್ರಿ. ಎಂಜಿನ್ ಬಂದ್ ಇಟ್ಟು ಎಲ್ಲಾ ಗೇರು ಹಾಕಿ ನೋಡ್ರಿ, ರಿವರ್ಸೂ ಸೇರಿ. ಆವಾಗ ಸಲೀಸಾಗಿ ಬಿದ್ದು, ಎಂಜಿನ್ ಚಾಲೂ ಇದ್ದಾಗ ಮಾತ್ರ ಕರ್ರ್ ಅಂದರೆ ತಪ್ಪು ಗೇರ್ ಬಾಕ್ಸಿಂದಲ್ಲ. ಕ್ಲಚ್ ಪೂರ್ತಿ ಬಿಡವಲ್ದು, ಅಷ್ಟೆ.

ಇನ್ನೊಂದು. ಮುಂದಿನ ಗೇರುಗಳಿಗೆ ಎರಡು ಕಡೆಯ ವೇಗ ಸಮ ಮಾಡೋ ಹಿತ್ತಾಳೆ ರಿಂಗ್ ಇರತದ. ರಿವರ್ಸಿಗೆ ಇರೂದಿಲ್ಲ. ಅದಕ್ಕೇ ಕ್ಲಚ್ಚಿನ ತಪ್ಪು ಮೊದಲ ರಿವರ್ಸಿನ್ಯಾಗ ಕೇಳತದ. ಕ್ಲಚ್ ಪೂರ್ತಿ ಒತ್ತಿ ಮನಸ್ಸಿನಾಗ ಒಂದು, ಎರಡು, ಮೂರು ಎಣಿಸಿ ಆಮೇಲೆ ರಿವರ್ಸ್ ಹಾಕ್ರಿ. ಸಪ್ಪಳ ಹೋದರೆ ನಿಮ್ಮ ಅವಸರದ್ದು ತಪ್ಪು. ಹೋಗದಿದ್ದರೆ ಕ್ಲಚ್ಚಿಂದು.

ಬನಶಂಕರಿ ಬೋಲ್ಟು · 9:58

ಇಷ್ಟೆಲ್ಲಾ ಟೆಸ್ಟ್ ಯಾಕೆ ಸಾರ್? ಪ್ಲೇಟು ಡೂಪ್ಲಿಕೇಟ್. ಪೆಡಲ್ ಕಲ್ಲಾಗಿದೆ ಅಂದರೆ ಪ್ರೆಷರ್ ಪ್ಲೇಟಿನ ಸ್ಪ್ರಿಂಗು ಸರಿಯಿಲ್ಲ. ನನ್ನ ಆಲ್ಟೊಗೆ ಹೀಗೇ ಆಗಿತ್ತು. ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಬಿಲ್ ಸಮೇತ ಒರಿಜಿನಲ್ ಸೆಟ್ ತಂದು ಹಾಕಿಸಿದೆ, ಮುಗೀತು. ಮತ್ತೆ ಇಳಿಸುವುದೇ ದಾರಿ.

ಕುಂದಾಪ್ರ ಕಿನಾರೆ · 10:05

ಅಲ್ಲ ಮಾರಾಯ್ರೆ, ಒಂದು ತಿಂಗಳು ಬೆಣ್ಣೆ ಇತ್ತು ಅಂತಿದ್ದಾರಲ್ಲ? ಸ್ಪ್ರಿಂಗು ಸರಿ ಇಲ್ಲದಿದ್ದರೆ ಮೊದಲ ದಿನವೇ ಕಲ್ಲಾಗಿರಬೇಕಿತ್ತು. ಬರಬರುತ್ತಾ ಬಿಗಿಯಾಗುವುದು ಕೇಬಲ್. ಅದನ್ನು ಬದಲಿಸಿದರೆ ಆಯ್ತು. ನಮ್ಮ ಕಡಲ ಗಾಳಿಗೆ ಕೇಬಲ್ ಎರಡು ವರ್ಷ ಬಂದರೆ ಪುಣ್ಯ.

ಬನಶಂಕರಿ ಬೋಲ್ಟು · 10:09

ಕೇಬಲ್ಲಿಗೂ ಸೆಲ್ಫಿಗೂ ಏನು ಸಂಬಂಧ? ಅದು ಬೇರೆ ರೋಗ. ಹಳೇ ಗಾಡಿಗೆ ಹತ್ತು ರೋಗ ಇರುತ್ತೆ.

ತುಂಗೆ ದಡದವ · 10:22

ಕೇಬಲ್ ವಿಷಯ ಬರೆಯುವುದು ಮರೆತಿದ್ದೆ. ಮೂರು ವಾರದ ಹಿಂದೆ ಹೊಸ ಕೇಬಲ್ ಹಾಕಿಸಿದ್ದೇನೆ. ನಾಲ್ಕೈದು ದಿನ ಹಗುರ ಇತ್ತು, ಮತ್ತೆ ಬಿಗಿ. ಹಾಗಾಗಿ ಕೇಬಲ್ ಅಲ್ಲ ಅಂದುಕೊಂಡೆ.

ಡಿಪೋ ರಾಯರು · 11:31

ನಿಧಾನ ಟೈಪ್ ಮಾಡುವವನು, ಕ್ಷಮೆ ಇರಲಿ. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದೆ. ಯಾವುದನ್ನೂ ಬಿಚ್ಚುವ ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಬೇಕು.

ಬೆಳಿಗ್ಗೆ ಗಾಡಿ ಮುಟ್ಟುವ ಮೊದಲು ಬ್ಯಾಟರಿ ಎಷ್ಟು ವೋಲ್ಟ್ ತೋರಿಸುತ್ತದೆ? ಸೆಲ್ಫ್ ಹೊಡೆಯುವಾಗ ಅದೇ ಬ್ಯಾಟರಿಯ ಕಂಬಗಳ ಮೇಲೆ ಎಷ್ಟಕ್ಕೆ ಇಳಿಯುತ್ತದೆ? ಹೆಡ್‌ಲೈಟ್ ಹಾಕಿ ಗೋಡೆಗೆ ಬಿಟ್ಟು ಸೆಲ್ಫ್ ಹೊಡೆದರೆ ಲೈಟ್ ಮಂಕಾಗುತ್ತದೋ, ಹಾಗೇ ಇರುತ್ತದೋ? ಸೆಲ್ಫ್ ಎಳೆಯದ ದಿನ ಏನಾದರೂ ವಾಸನೆ ಬರುತ್ತದಾ?

ಮಲ್ಟಿಮೀಟರ್ ಇಲ್ಲದಿದ್ದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮುನ್ನೂರಕ್ಕೆಲ್ಲ ಸಿಗುತ್ತದೆ. ಎರಡು ಸಾವಿರದ ಸೆಲ್ಫ್ ಬಿಚ್ಚುವ ಮೊದಲು ಮುನ್ನೂರು ಖರ್ಚು ಮಾಡಿ.

ಸಕಲೇಶಪುರ ಸಾಹುಕಾರ · ಸೋಮವಾರ ಬೆಳಿಗ್ಗೆ 6:50

ಗೇರ್ ಸಿಕ್ಕಿಕೊಳ್ಳುವುದು ಅಂದರೆ ಏನು ಅಂತ ಇವತ್ತಿನವರಿಗೆ ಗೊತ್ತೇ ಇಲ್ಲ. ನಮ್ಮ ತೋಟದಲ್ಲಿ ಅಂಬಾಸಿಡರ್ ಇತ್ತು, ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಲಿವರ್ ಇರುವುದು. ಕೆಳಗಿನ ಕಡ್ಡಿಗಳ ಬುಷ್ ಸವೆದರೆ ಫಸ್ಟಿನಿಂದ ಸೆಕೆಂಡಿಗೆ ಎಳೆಯುವಾಗ ಎರಡರ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಡ್ರೈವರ್ ಇಳಿದು, ಬಾನೆಟ್ ಎತ್ತಿ, ಸ್ಟೀರಿಂಗ್ ಬುಡದ ಆ ಎರಡು ಲಿವರುಗಳನ್ನು ಕೈಯಲ್ಲೇ ಸಮಕ್ಕೆ ತಂದು, ಪಂಚೆಗೆ ಕೈ ಒರೆಸಿಕೊಂಡು ಬಂದು ಕೂರುತ್ತಿದ್ದ. ಶಿರಾಡಿಯಲ್ಲಿ ಹಿಂದೆ ಲಾರಿಗಳ ಸಾಲು, ಹಾರನ್ನೋ ಹಾರನ್ನು. ಅವನಿಗೆ ಅದೇನೂ ಕೇಳುತ್ತಿರಲಿಲ್ಲ.

ಧಾರವಾಡ ಫೇಡಾ · 7:30

ಪದ್ಮಿನಿಯೊಳಗೂ ಅದೇ ಹಾಡು ಸಾಹೇಬ್ರ. ನಮ್ಮ ಕಾಕಾ ಬುಷ್ ಸಿಗಲಿಲ್ಲ ಅಂತ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದ್ರು. ಎರಡು ವರ್ಷ ಓಡ್ತು.

ಜೆನ್ ಗುರು · 8:15

ನಡುವೆ ಬಾಯಿ ಹಾಕುತ್ತಿದ್ದೇನೆ. ನಂದು 1999ರ ಜೆನ್. ಮೂರು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್. ದಿನಾ ಓಡಿಸಿದರೆ ಏನೂ ತೊಂದರೆ ಇಲ್ಲ. ಬ್ಯಾಟರಿ ಎರಡು ಸಲ ಬದಲಿಸಿದೆ. ಇದಕ್ಕೂ ರಾಯರೇ ಮದ್ದು ಹೇಳಬೇಕು.

ಡಿಪೋ ರಾಯರು · 9:45

ಹೇಳುತ್ತೇನೆ. ನಿಂತ ಗಾಡಿಯಲ್ಲಿ ಯಾರೋ ಕರೆಂಟ್ ಕುಡಿಯುತ್ತಿದ್ದಾರೆ. ಕಳ್ಳನನ್ನು ಹಿಡಿಯಬೇಕು.

ಎಲ್ಲಾ ಆಫ್ ಮಾಡಿ, ಬಾಗಿಲು ಮುಚ್ಚಿ, ಕೀ ತೆಗೆಯಿರಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಮೀಟರನ್ನು 10 ಆಂಪಿಯರಿಗೆ ಇಟ್ಟು, ಕೆಂಪು ಕಡ್ಡಿಯನ್ನು ಆ ಸಾಕೆಟ್ಟಿಗೇ ಬದಲಿಸಿ, ಬಿಚ್ಚಿದ ವೈರಿಗೂ ಬ್ಯಾಟರಿ ಕಂಬಕ್ಕೂ ನಡುವೆ ಹಿಡಿಯಿರಿ. ಆಗ ಕೀ ತಿರುಗಿಸಬಾರದು, ಸೆಲ್ಫ್ ಅಂತೂ ಮುಟ್ಟಲೇಬಾರದು, ಮೀಟರ್ ಸುಟ್ಟುಹೋಗುತ್ತದೆ. ನಿಮ್ಮಂಥ ಗಾಡಿಯಲ್ಲಿ ಗಡಿಯಾರ, ಸ್ಟೀರಿಯೊ ಸೇರಿ 20-30 ಮಿಲಿ ಆಂಪಿಯರ್ ಸಾಮಾನ್ಯ. 50 ದಾಟಿದರೆ ಹುಡುಕಬೇಕು. ಫ್ಯೂಸ್ ಒಂದೊಂದೇ ಕಿತ್ತು ನೋಡಿ, ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ಲೈನಿನಲ್ಲಿ ಕಳ್ಳ ಇದ್ದಾನೆ.

ಲೆಕ್ಕ ನೋಡಿ. 300 ಮಿಲಿ ಸೋರಿದರೆ ದಿನಕ್ಕೆ 7.2 ಆಂಪಿಯರ್ ಅವರ್. ನಿಮ್ಮ ಬ್ಯಾಟರಿ 35. ಐದನೇ ದಿನಕ್ಕೆ ಪೂರ್ತಿ ಖಾಲಿ, ಸೆಲ್ಫ್ ಎಳೆಯುವ ತಾಕತ್ತು ಮೂರನೇ ದಿನಕ್ಕೇ ಹೋಗಿರುತ್ತದೆ. ನೀವು ಹೇಳಿದ ಮೂರು ದಿನಕ್ಕೆ ಸರಿಹೊಂದುತ್ತದೆ.

ಯಾವ ಫ್ಯೂಸ್ ಕಿತ್ತರೂ ಅಂಕಿ ಇಳಿಯದಿದ್ದರೆ ಆಲ್ಟರ್ನೇಟರಿನ, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರದ, ದಪ್ಪ ವೈರ್ ಬಿಚ್ಚಿ ನೋಡಿ. ಒಳಗಿನ ಡಯೋಡ್ ಕೆಟ್ಟರೆ ರಾತ್ರಿಯೆಲ್ಲ ಅಲ್ಲಿಂದಲೇ ಸೋರುತ್ತದೆ. ಮೀಟರ್ ತೆಗೆದು, ನೆಗೆಟಿವ್ ಪೂರ್ತಿ ಬಿಡಿಸಿಟ್ಟ ಮೇಲೆಯೇ ಆ ವೈರಿಗೆ ಕೈ ಹಾಕಿ. ಬಿಚ್ಚಿದ ತುದಿಗೆ ಟೇಪ್ ಸುತ್ತಿ, ಮತ್ತೆ ಮೀಟರ್ ಹಿಡಿಯಿರಿ. ಮರೆತರೆ ಸ್ಪಾನರಿಗೆ ವೆಲ್ಡಿಂಗ್ ಆಗುತ್ತದೆ.

ಇಲಿ ಸಂತ್ರಸ್ತ · 10:20

ರಾಯರು ಕಳ್ಳ ಅಂದಿದ್ದಕ್ಕೆ ನೆನಪಾಯಿತು. ನಮ್ಮ ಕಡೆ ಕಳ್ಳನಿಗೆ ನಾಲ್ಕು ಕಾಲು, ಒಂದು ಬಾಲ. ಮಳೆಗಾಲದಲ್ಲಿ ಎಂಜಿನ್ ಬೆಚ್ಚಗಿರುತ್ತೆ ಅಂತ ಬಂದು ಮಲಗುತ್ತದೆ, ಹೊತ್ತು ಹೋಗದೆ ವೈರ್ ಕಡಿಯುತ್ತದೆ. ನುಸಿಗುಳಿಗೆ ಇಟ್ಟೆ. ಅದನ್ನೂ ಉರುಳಿಸಿಕೊಂಡು ಆಡಿದೆ ಅನ್ನಿಸುತ್ತದೆ, ಎರಡು ಗುಳಿಗೆ ರೇಡಿಯೇಟರ್ ಕೆಳಗೆ ಸಿಕ್ಕವು.

ಕುಂದಾಪ್ರ ಕಿನಾರೆ · 10:24

ಹೊಗೆಸೊಪ್ಪು ಕಟ್ಟಿ. ವಾರಕ್ಕೊಮ್ಮೆ ಹೊಸದು.

ಇಲಿ ಸಂತ್ರಸ್ತ · 10:26

ಕಟ್ಟಿದೆ. ಅಜ್ಜಿ ಬಿಚ್ಚಿಕೊಂಡು ಹೋದರು.

ತುಂಗೆ ದಡದವ · ಸೋಮವಾರ ಸಂಜೆ 6:40

ಮೀಟರ್ ತಂದೆ, 350 ರೂ. ಉತ್ತರಗಳು ಇಲ್ಲಿವೆ.

ಎಂಜಿನ್ ಆಫ್ ಇದ್ದಾಗ ನಾಲ್ಕೂ ಗೇರು, ರಿವರ್ಸು, ಎಲ್ಲಾ ಸಲೀಸು. ಚಾಲೂ ಇದ್ದಾಗ ಮೂರು ಎಣಿಸಿದರೂ ಕರ್ರ್. ಅಂದರೆ ಫೇಡಾ ಅಣ್ಣ ಹೇಳಿದಂತೆ ಕ್ಲಚ್ ಬಿಡುತ್ತಿಲ್ಲ.

ಬ್ಯಾಟರಿ ಬೆಳಿಗ್ಗೆ 12.5. ಸೆಲ್ಫ್ ಹೊಡೆಯುವಾಗ 11.4. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.3. ಹೆಡ್‌ಲೈಟ್ ಮಂಕೇ ಆಗಲಿಲ್ಲ, ಗೋಡೆ ಮೇಲೆ ಹಾಗೇ ಬೆಳಕು, ಸೆಲ್ಫ್ ಮಾತ್ರ ಅಜ್ಜ.

ವಾಸನೆ: ಹೌದು! ಪ್ಲಾಸ್ಟಿಕ್ ಕರಟಿದ ಹಾಗೆ. ನಾಲ್ಕೈದು ಸಲ ಸೆಲ್ಫ್ ಹೊಡೆದ ದಿನ ಮಾತ್ರ. ಸೆಲ್ಫ್ ಮೋಟಾರಿನದೇ ಅಂದುಕೊಂಡಿದ್ದೆ.

ಬನಶಂಕರಿ ಬೋಲ್ಟು · 6:52

ಅಲ್ಲಿಗೆ ಸೆಲ್ಫ್ ಮೋಟಾರ್ ಅಂತ ಖಾತ್ರಿ ಆಯಿತಲ್ಲ. ಒಳಗೆ ಕಾಯಿಲ್ ಸುಡುತ್ತಿದೆ. ಎಲೆಕ್ಟ್ರಿಷಿಯನ್ ಸರಿಯಾಗೇ ಹೇಳಿದ್ದಾರೆ.

ಡಿಪೋ ರಾಯರು · 7:35

ಖಾತ್ರಿ ಆಗಿಲ್ಲ ಬೋಲ್ಟಪ್ಪ, ಸ್ವಲ್ಪ ತಡಿ.

ಕಾಯಿಲ್ ಸುಟ್ಟು ಶಾರ್ಟ್ ಆದರೆ ಸೆಲ್ಫ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಆಗ ಬ್ಯಾಟರಿ 9ಕ್ಕೋ 8ಕ್ಕೋ ಕುಸಿಯಬೇಕು, ಲೈಟ್ ಮಂಕಾಗಬೇಕು. ಬ್ಯಾಟರಿಯೇ ಹೋಗಿದ್ದರೂ ಅಷ್ಟೇ, ಕುಸಿಯುತ್ತದೆ. ಇಲ್ಲಿ 11.4ರಲ್ಲೇ ನಿಂತಿದೆ. ಬ್ಯಾಟರಿ ಕೊಡಲು ತಯಾರಿದೆ, ಕರೆಂಟ್ ಹೋಗಿ ಬರುವ ದಾರಿಯಲ್ಲಿ ಯಾರೋ ಅಡ್ಡ ನಿಂತಿದ್ದಾರೆ.

ದಾರಿ ಎರಡು. ಪಾಸಿಟಿವಿನಿಂದ ಸೆಲ್ಫಿಗೆ ಹೋಗುವುದು. ಸೆಲ್ಫಿನ ಮೈಯಿಂದ, ಅಂದರೆ ಎಂಜಿನ್ ಮತ್ತು ಗೇರ್ ಬಾಕ್ಸಿನಿಂದ, ನೆಗೆಟಿವಿಗೆ ವಾಪಸ್ ಬರುವುದು. ಜನ ಹೋಗುವ ದಾರಿ ನೋಡುತ್ತಾರೆ, ಬರುವ ದಾರಿ ನೋಡುವುದಿಲ್ಲ.

ಹೀಗೆ ಮಾಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಮೀಟರ್ 20 ವೋಲ್ಟಿಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಕ್ಲಿಪ್ಪಿಗಲ್ಲ, ಸೀಸದ ಕಂಬಕ್ಕೇ. ಕೆಂಪು ಕಡ್ಡಿ ಗೇರ್ ಬಾಕ್ಸಿನ ಮೇಲೆ, ಕೆರೆದು ಬೆಳ್ಳಗೆ ಮಾಡಿದ ಜಾಗಕ್ಕೆ. ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. 0.2 ವೋಲ್ಟಿನ ಒಳಗೆ ಇರಬೇಕು. ಅರ್ಧ ವೋಲ್ಟ್ ಬಂದರೆ ಅರ್ತ್, ಅಂದರೆ ಆ ವಾಪಸ್ ಬರುವ ದಾರಿ, ಸರಿಯಿಲ್ಲ.

ಅದಾದ ತಕ್ಷಣ ಕ್ಲಚ್ ಕೇಬಲ್ಲನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ. ಜೋಪಾನ.

ಬನಶಂಕರಿ ಬೋಲ್ಟು · 7:41

ಸೆಲ್ಫ್ ಹೊಡೆದು ಕ್ಲಚ್ ಕೇಬಲ್ ಯಾಕೆ ಮುಟ್ಟಬೇಕು? ತಮಾಷೆನಾ?

ಡಿಪೋ ರಾಯರು · 7:44

ಮುಟ್ಟಲಿ, ಆಮೇಲೆ ಹೇಳುತ್ತೇನೆ.

ಮಿಶಿಗನ್ ಮಲೆನಾಡಿಗ · 8:30

ಇಲ್ಲಿ ಬೆಳಿಗ್ಗೆ, ಕಾಫಿ ಕುಡಿಯುತ್ತಾ ಓದುತ್ತಿದ್ದೇನೆ. ರಾಯರು ಎಲ್ಲಿಗೆ ಹೊರಟಿದ್ದಾರೆ ಅಂತ ಗೊತ್ತಾಯಿತು, ನಾನು ಹೇಳಿ ಮಜಾ ಕೆಡಿಸುವುದಿಲ್ಲ.

ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಗಾಡಿಯ ಅಡಿಯಲ್ಲಿ ಇರುವ ಅರ್ತ್ ವೈರುಗಳು ಒಳಗೊಳಗೇ ತಿಂದುಹೋಗುತ್ತವೆ. ನನ್ನ ಹಳೇ ಆಟೊಮ್ಯಾಟಿಕ್ ಕ್ಯಾಮ್ರಿ ಗೇರ್ ಬದಲಿಸುವಾಗ ಸುಮ್ಮಸುಮ್ಮನೆ ಜರ್ಕ್ ಹೊಡೆಯುತ್ತಿತ್ತು. ಗೇರ್ ಬಾಕ್ಸ್ ಬದಲಿಸಬೇಕು, ಮೂರು ಸಾವಿರ ಡಾಲರ್ ಅಂದರು. ಕಡೆಗೆ ನೋಡಿದರೆ ಒಂದು ಅರ್ತ್ ವೈರ್. ಈಗಿನ ಆಟೊಮ್ಯಾಟಿಕ್‌ಗಳಲ್ಲಿ ಗೇರ್ ಬದಲಿಸುವುದು ಕಂಪ್ಯೂಟರ್, ಅದಕ್ಕೆ ವೋಲ್ಟೇಜ್ ಏರುಪೇರಾದರೆ ತಲೆ ಕೆಡುತ್ತದೆ.

ಆಟೊಮ್ಯಾಟಿಕ್ ಇರುವವರು ಇನ್ನೊಂದು ತಿಳಿದಿರಿ. ಪಾರ್ಕಿನಲ್ಲಿ ಸೆಲ್ಫ್ ಎಳೆಯದಿದ್ದರೆ ನ್ಯೂಟ್ರಲ್ಲಿಗೆ ಹಾಕಿ ಹೊಡೆದು ನೋಡಿ. ಎಳೆದರೆ ಸೆಲ್ಫ್ ಚೆನ್ನಾಗಿದೆ, ಗೇರಿನ ಸ್ವಿಚ್ಚಿನದು ತಪ್ಪು. ಆಯಿಲ್ ಕಡ್ಡಿ ಇದ್ದರೆ ಎಳೆದು ಮೂಸಿ ನೋಡಿ: ಕೆಂಪಗಿದ್ದರೆ ಸರಿ, ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗೆ ಪ್ಲೇಟು ಸವೆದಿದೆ.

ತುಂಗೆ ದಡದವ · ಮಂಗಳವಾರ ಬೆಳಿಗ್ಗೆ 8:05

ರಾಯರೇ, ಕಾಲಿಗೆ ಬಿದ್ದೆ!

ಮೀಟರ್ 2.9 ವೋಲ್ಟ್ ತೋರಿಸಿತು. ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡು ಮೂರು ಸಲ ಹೊಡೆಸಿದೆ. 2.9, 2.9, 2.8. ಆಮೇಲೆ ಕ್ಲಚ್ ಕೇಬಲ್ ಮುಟ್ಟಿದೆ. ಬಿಸಿ ಕಾವಲಿ! ಬೆರಳು ಚುರುಕ್ ಅಂದಿತು. ಪಕ್ಕದ ಆಕ್ಸಿಲರೇಟರ್ ಕೇಬಲ್ಲೂ ಬೆಚ್ಚಗಿತ್ತು. ಸೆಲ್ಫ್ ಹೊಡೆದವಳು ನನ್ನ ಹೆಂಡತಿ, ಕೂಗಿದ್ದು ಕೇಳಿ ಗಾಡಿಗೇ ಬೆಂಕಿ ಬಿತ್ತು ಅಂತ ಇಳಿದು ಓಡಿದಳು.

ಡಿಪೋ ರಾಯರು · 8:50

ಈಗ ಹೇಳುತ್ತೇನೆ, ಬೋಲ್ಟಪ್ಪ ಕೂಡ ಕೇಳಲಿ.

ಎಂಜಿನ್ನೂ ಗೇರ್ ಬಾಕ್ಸೂ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತವೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಗೇರ್ ಬಾಕ್ಸಿನಿಂದ ನೆಗೆಟಿವಿಗೆ ದಪ್ಪ ಅರ್ತ್ ಕೊಟ್ಟಿರುತ್ತಾರೆ. ಅದು ಕಡಿದುಹೋದರೆ ಕರೆಂಟ್ ಸುಮ್ಮನಿರುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ನೆಗೆಟಿವ್ ಬಾಡಿಗೂ ಸೇರಿರುತ್ತದೆ. ಬಾಡಿಗೂ ಗೇರ್ ಬಾಕ್ಸಿಗೂ ನಡುವೆ ಇರುವ ಇನ್ನೊಂದು ಲೋಹದ ನಂಟು ಯಾವುದು? ಕ್ಲಚ್ ಕೇಬಲ್. ಒಂದು ತುದಿ ಪೆಡಲಿನಲ್ಲಿ, ಇನ್ನೊಂದು ಗೇರ್ ಬಾಕ್ಸಿನ ಲಿವರಿನಲ್ಲಿ. ಸೆಲ್ಫಿನ ನೂರು ಆಂಪಿಯರ್ ಹತ್ತಿರದ ಕರೆಂಟ್ ಆ ಉಕ್ಕಿನ ತಂತಿಯಲ್ಲಿ ಹರಿದರೆ ಅದು ಹೀಟರ್ ಕಾಯಿಲ್ ಆಗುತ್ತದೆ. ಹೊರಕವಚದ ಒಳಗಿನ ಪ್ಲಾಸ್ಟಿಕ್ ಕರಗಿ ತಂತಿಗೆ ಅಂಟುತ್ತದೆ. ಪೆಡಲ್ ಕಲ್ಲಾಗುತ್ತದೆ. ಹೊಸ ಕೇಬಲ್ ಹಾಕಿದರೆ ನಾಲ್ಕು ದಿನಕ್ಕೆ ಅದಕ್ಕೂ ಅದೇ ಗತಿ. ಕೇಬಲ್ ಬಿಗಿಯಾಗಿ ಪೂರ್ತಿ ಎಳೆಯದೆ ಕ್ಲಚ್ ಬಿಡುವುದಿಲ್ಲ, ರಿವರ್ಸ್ ಕಿರುಚುತ್ತದೆ.

ನಿಮ್ಮ ಮೂರೂ ಕಾಯಿಲೆ ಒಂದೇ. ಆಲ್ಟರ್ನೇಟರ್ ಕೂಡ ಎಂಜಿನ್ ಮೈಯಿಂದಲೇ ಅರ್ತ್ ತೆಗೆದುಕೊಳ್ಳುತ್ತದೆ. 13.3 ಬರುತ್ತಿದೆ ಅಂದಿರಿ, 14ರ ಆಸುಪಾಸು ಇರಬೇಕಿತ್ತು. ಹೀಗೇ ಬಿಟ್ಟಿದ್ದರೆ ಬ್ಯಾಟರಿಯೂ ನಿಜವಾಗಿ ಹೋಗುತ್ತಿತ್ತು, ಅಂಗಡಿಯವರ ಮಾತು ಸತ್ಯ ಆಗುತ್ತಿತ್ತು.

ಗೇರ್ ಬಾಕ್ಸ್ ಇಳಿಸಿದ್ದಾಗ ಅರ್ತ್ ಏನಾಗಿದೆ ನೋಡಿ. ಅಲ್ಲೇ ಇದೆ ಗುಟ್ಟು.

ಬನಶಂಕರಿ ಬೋಲ್ಟು · 9:10

ಒಪ್ಪಿದೆ ರಾಯರೇ. ಆದರೆ ಡೂಪ್ಲಿಕೇಟ್ ಪ್ಲೇಟಿನ ವಿಷಯದಲ್ಲಿ ನಾನು ಹೇಳಿದ್ದು ಸುಳ್ಳಲ್ಲ, ಸುಮಾರು ಜನಕ್ಕೆ ಆಗಿದೆ.

ಡಿಪೋ ರಾಯರು · 9:12

ಸುಳ್ಳು ಅಂದೆನಾ? ಪ್ಲೇಟು ಜಾರುತ್ತಿದ್ದರೆ ಅದಕ್ಕೆ ಬೇರೆ ಲಕ್ಷಣ. ಆಗುಂಬೆ ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ. ಇವರು ಅದ್ಯಾವುದನ್ನೂ ಹೇಳಲಿಲ್ಲ.

ಕುಂದಾಪ್ರ ಕಿನಾರೆ · 9:30

ಶಬ್ದದ ವಿಷಯ ನಾನು ಸ್ವಲ್ಪ ಸೇರಿಸುತ್ತೇನೆ, ಯಾರಿಗಾದರೂ ಉಪಯೋಗ ಆದೀತು. ನ್ಯೂಟ್ರಲ್ಲಿನಲ್ಲಿ ನಿಂತಾಗ ಗುಂಯ್ ಎಂದು, ಕ್ಲಚ್ ಒತ್ತಿದರೆ ನಿಂತರೆ ಗೇರ್ ಬಾಕ್ಸಿನ ಒಳಗಿನ ಬೇರಿಂಗು. ಕ್ಲಚ್ ಒತ್ತಿದಾಗ ಮಾತ್ರ ಬಂದರೆ ರಿಲೀಸ್ ಬೇರಿಂಗು. ಪೂರ್ತಿ ಸ್ಟೀರಿಂಗ್ ತಿರುಗಿಸಿ ಹೊರಟಾಗ ಟಕಟಕಟಕ ಅಂದರೆ ಗೇರ್ ಬಾಕ್ಸ್ ಅಲ್ಲವೇ ಅಲ್ಲ, ಆಕ್ಸಿಲಿನ ಹೊರಗಿನ ಜಾಯಿಂಟು. ರಬ್ಬರ್ ಬೂಟು ಹರಿದು ಗ್ರೀಸ್ ಹೋಗಿ ಮಣ್ಣು ಸೇರಿರುತ್ತದೆ. ನೂರಿನ್ನೂರರ ಬೂಟು ಹರಿದಾಗಲೇ ಬದಲಿಸಿದ್ದರೆ ಸಾವಿರಾರು ಉಳಿಯುತ್ತಿತ್ತು ಅಂತ ನಾನು ಎರಡು ಸಲ ಕಲಿತಿದ್ದೇನೆ. ಎರಡನೇ ಸಲ ಯಾಕೆ ಅಂತ ಕೇಳಬೇಡಿ.

ಮೈಸೂರು ಮಲ್ಲಿಗೆ ಬಸ್ಸು · 10:02

ಗೇರ್ ಆಯಿಲ್ ಯಾವುದು ಹಾಕುತ್ತೀರಿ ಎಲ್ಲರೂ? ನನ್ನ ಓಮ್ನಿಗೆ ಅಂಗಡಿಯವರು ಜಿಎಲ್-5 ಕೊಟ್ಟರು, ದುಬಾರಿ ಇದು, ಒಳ್ಳೇದು ಅಂತ.

ಧಾರವಾಡ ಫೇಡಾ · 10:30

ದುಬಾರಿ ಆದದ್ದೆಲ್ಲಾ ಒಳ್ಳೇದಲ್ರೀ. ಜಿಎಲ್-5 ಹಿಂದಿನ ಆಕ್ಸಿಲಿನ ಡಿಫರೆನ್ಷಿಯಲ್ಲಿಗೆ ಅಂತ ಮಾಡಿದ್ದು. ಅದರಾಗಿನ ಗಂಧಕದ ಕೆಮಿಕಲ್ ಜಾಸ್ತಿ. ಗೇರ್ ಬಾಕ್ಸಿನ ಹಿತ್ತಾಳೆ ರಿಂಗಿಗೆ ಅದು ಆಗಿಬರೂದಿಲ್ಲ, ಮತ್ತ ಆ ರಿಂಗಿಗೆ ಸ್ವಲ್ಪ ಹಿಡಿತ ಬೇಕು, ಜಾರಬಾರದು. ಪುಸ್ತಕದಾಗ ಜಿಎಲ್-4 ಅಂತ ಬರದಿದ್ದರೆ ಜಿಎಲ್-4ನ ಹಾಕ್ರಿ.

ಬನಶಂಕರಿ ಬೋಲ್ಟು · 10:41

ಅದೆಲ್ಲ ಹಳೇ ಕಾಲದ ಮಾತು. ಈಗಿನ ಜಿಎಲ್-5 ಹಿತ್ತಾಳೆ ತಿನ್ನಲ್ಲ. ನಾನು ಆರು ವರ್ಷದಿಂದ ಹಾಕುತ್ತಿದ್ದೇನೆ.

ಧಾರವಾಡ ಫೇಡಾ · 10:44

ಆರು ವರ್ಷದಾಗ ಎಷ್ಟು ಸಲ ಗೇರ್ ಬಾಕ್ಸ್ ಇಳಿಸೀರಿ?

ಬನಶಂಕರಿ ಬೋಲ್ಟು · 10:45

ಎರಡು. ಅದು ಬೇರೆ ಕಾರಣಕ್ಕೆ.

ಧಾರವಾಡ ಫೇಡಾ · 10:46

ಹೂಂ.

ಡಿಪೋ ರಾಯರು · 11:20

ಆಯಿಲ್ ಯಾವುದು ಅನ್ನುವ ಜಗಳಕ್ಕಿಂತ ಆಯಿಲ್ ಇದೆಯಾ ಅಂತ ಮೊದಲು ನೋಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಪಕ್ಕದ ಲೆವೆಲ್ ಬೋಲ್ಟ್ ಬಿಚ್ಚಿ ಬೆರಳು ಹಾಕಿದರೆ ಬೆರಳಿಗೆ ತಾಗಬೇಕು. ಹಳೇ ಆಯಿಲ್ ಇಳಿಸುವಾಗ ಚಿನ್ನದ ಪುಡಿಯಂತೆ ಸ್ವಲ್ಪ ಮಿನುಗಿದರೆ ಹೆದರಬೇಡಿ, ಹಿತ್ತಾಳೆ ರಿಂಗಿನ ಸವಕಳಿ. ಉಕ್ಕಿನ ಚೂರು ಕೈಗೆ ಸಿಕ್ಕರೆ ಮಾತ್ರ ಹೆದರಿ.

ಜೆನ್ ಗುರು · ಮಧ್ಯಾಹ್ನ 1:15

ರಾಯರೇ, ಕಳ್ಳ ಸಿಕ್ಕ! 280 ಮಿಲಿ ತೋರಿಸಿತು. ರೂಮ್ ಲೈಟಿನ ಫ್ಯೂಸ್ ಕಿತ್ತಾಗ 15ಕ್ಕೆ ಬಿತ್ತು. ಆ ಲೈನಿಗೆ ಹಿಂದಿನ ಮಾಲೀಕರು ಸ್ಟೀರಿಯೊದ ಆಂಪ್ಲಿಫೈಯರ್ ಸಿಕ್ಕಿಸಿದ್ದರು. ಸೀಟಿನ ಕೆಳಗೆ ಕಾರ್ಪೆಟ್ ಮುಚ್ಚಿಕೊಂಡು ಬೆಚ್ಚಗೆ ಕೂತಿತ್ತು. ನಾಲ್ಕು ವರ್ಷದಿಂದ ಗಾಡಿ ನನ್ನದು, ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಎರಡು ಬ್ಯಾಟರಿ ದಂಡ.

ಸಕಲೇಶಪುರ ಸಾಹುಕಾರ · 2:00

ಹಿಂದಿನ ಮಾಲೀಕರ ಕೈಚಳಕ ಅಂದರೆ ನನ್ನ ಜಿಪ್ಸಿ ಕೇಳಿ. ಹೆಡ್‌ಲೈಟ್ ಮಂಜಿನಲ್ಲಿ ಸಾಲದು ಅಂತ ನೂರು ವ್ಯಾಟಿನ ಬಲ್ಬ್ ಹಾಕಿದ್ದರು. ಒಂದು ರಾತ್ರಿ ಸ್ಟೀರಿಂಗ್ ಪಕ್ಕದ ಸ್ವಿಚ್ಚಿನಿಂದ ಹೊಗೆ.

ಡಿಪೋ ರಾಯರು · 2:25

ಆಗಲೇಬೇಕು. 60 ವ್ಯಾಟಿನ ಬಲ್ಬ್ ಎರಡಕ್ಕೆ 10 ಆಂಪಿಯರ್. ನೂರರದು ಎರಡಕ್ಕೆ 16 ದಾಟುತ್ತದೆ. ಸ್ವಿಚ್ಚೂ ವೈರೂ ಹಳೇ ಲೆಕ್ಕದವು. ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದು, ಫ್ಯೂಸ್ ಹಾಕಿ, ರಿಲೇ ಕೂರಿಸಿದರೆ ಸ್ವಿಚ್ಚಿಗೆ ಭಾರ ಇಲ್ಲ. ಹಾಗೆ ಮಾಡಿದರೆ 60ರ ಬಲ್ಬೇ ಎಷ್ಟೋ ಜಾಸ್ತಿ ಬೆಳಗುತ್ತದೆ, ದೊಡ್ಡ ಬಲ್ಬ್ ಬೇಕೇ ಆಗುವುದಿಲ್ಲ. ಫ್ಯೂಸ್ ಹೋದಾಗ ಸಿಗರೇಟ್ ಪ್ಯಾಕಿನ ಹಾಳೆ ಸುತ್ತುವವರೂ ಇದ್ದಾರೆ. ಅವರ ಗಾಡಿ ಪಕ್ಕ ನನ್ನ ಗಾಡಿ ನಿಲ್ಲಿಸುವುದಿಲ್ಲ.

ತುಂಗೆ ದಡದವ · ಬುಧವಾರ ರಾತ್ರಿ 8:20

ಕಥೆಯ ಕೊನೆ ಭಾಗ.

ಮೊದಲು ಬ್ಯಾಟರಿ ಬಿಚ್ಚಿಟ್ಟೆ. ಮುಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಟಾರ್ಚ್ ಹಿಡಿದು ಗೇರ್ ಬಾಕ್ಸ್ ಕೆಳಗೆ ನುಗ್ಗಿದೆ. ಅರ್ತ್ ವೈರ್ ಜಾಗದಲ್ಲೇ ಇತ್ತು, ಬೋಲ್ಟೂ ಬಿಗಿ. ಅರೆ, ಇದೇನು, ರಾಯರು ತಪ್ಪಿದರಾ ಅಂದುಕೊಂಡೆ. ಆಮೇಲೆ ತುದಿಯ ಕಪ್ಪು ರಬ್ಬರ್ ತೋಳನ್ನು ಹಿಂದಕ್ಕೆ ಸರಿಸಿದೆ. ಒಳಗೆಲ್ಲಾ ಹಸಿರು ಪುಡಿ. ಅದರ ನಡುವೆ ನಾಲ್ಕೋ ಐದೋ ತಾಮ್ರದ ಎಳೆ, ಉಳಿದವೆಲ್ಲಾ ತುಂಡಾಗಿ ಪೊರಕೆ ಹಾಗೆ ನಿಂತಿದ್ದವು. ಬೆರಳಲ್ಲಿ ಅಲ್ಲಾಡಿಸಿದ ಕೂಡಲೇ ಅವೂ ಕೈಗೆ ಬಂದವು. ಐದು ತಿಂಗಳ ಹಿಂದೆ ಇದನ್ನು ಬಿಚ್ಚದೇ ಗೇರ್ ಬಾಕ್ಸ್ ಇಳಿಸಿದ್ದಾರೆ ಅನ್ನಿಸುತ್ತದೆ. ಭಾರವೆಲ್ಲ ವೈರಿಗೆ ಬಿದ್ದು ಒಳಗೆ ಹರಿದಿದೆ. ಆಮೇಲೆ ಮಳೆಗಾಲ ಉಳಿದ ಕೆಲಸ ಮುಗಿಸಿದೆ.

ಶಿವಮೊಗ್ಗದಿಂದ ದಪ್ಪ ಅರ್ತ್ ವೈರ್ ತಂದೆ, 220 ರೂ. ಎರಡೂ ಕಡೆ ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದೆ. ಕ್ಲಚ್ ಕೇಬಲ್ ಇನ್ನೊಂದು ಹೊಸದು. ಹಳೇದನ್ನು ಕೊಯ್ದು ನೋಡಿದೆ: ಒಳಗಿನ ಬಿಳಿ ಪ್ಲಾಸ್ಟಿಕ್ ಕರಗಿ, ಕಂದು ಬಣ್ಣಕ್ಕೆ ತಿರುಗಿ, ಆರಿದ ಬೆಲ್ಲದ ಪಾಕದ ಹಾಗೆ ತಂತಿಗೆ ಅಂಟಿತ್ತು.

ಈಗ ಸೆಲ್ಫ್ ಹೊಡೆದಾಗ 0.1 ವೋಲ್ಟ್. ಚಾರ್ಜಿಂಗ್ 14.1. ಅರ್ಧ ಸುತ್ತಿಗೇ ಸ್ಟಾರ್ಟ್. ಕ್ಲಚ್ ಎಷ್ಟು ಹಗುರ ಅಂದರೆ ಮೊದಲ ಸಲ ಒತ್ತಿದಾಗ ಕೇಬಲ್ ಹಾಕಲು ಮರೆತೆನಾ ಅಂತ ಬಗ್ಗಿ ನೋಡಿದೆ. ಆರೂವರೆ ಸಾವಿರದವರಿಗೆ ಫೋನ್ ಮಾಡಿ ಹೇಳಿದೆ. ಹೌದಾ, ಅದನ್ನೇ ನಾನೂ ಹೇಳೋಣ ಅಂತಿದ್ದೆ ಅಂದರು.

ಇಲಿ ಸಂತ್ರಸ್ತ · 8:31

ಕೊನೇ ಸಾಲಿಗೆ ನಕ್ಕೂ ನಕ್ಕೂ ಸಾಕಾಯಿತು.

ಬನಶಂಕರಿ ಬೋಲ್ಟು · 8:40

ಸರಿ ಸಾರ್, ಸೋತೆ. ನಾಳೆ ನಾನೂ ಮೀಟರ್ ತರುತ್ತೇನೆ. ನನ್ನ ಆಲ್ಟೊದ ಕ್ಲಚ್ಚೂ ಸ್ವಲ್ಪ ಬಿಗಿ ಆಗಿದೆ.

ಡಿಪೋ ರಾಯರು · 9:05

ಸಂತೋಷ. ಪೆಡಲಿಗೆ ಫ್ರೀ ಪ್ಲೇ ಬಿಟ್ಟಿದ್ದೀರಾ? ಕೈಯಲ್ಲಿ ಒತ್ತಿದರೆ ಒಂದೂವರೆ ಎರಡು ಸೆಂಟಿಮೀಟರ್ ಸಡಿಲ ಬೇಕು. ಹೊಸ ಕೇಬಲ್ ಸ್ವಲ್ಪ ದಿನಕ್ಕೆ ಕೂರುತ್ತದೆ, ಆಗ ಮತ್ತೊಮ್ಮೆ ನೋಡಿ. ಪೂರ್ತಿ ಬಿಗಿದರೆ ಹೊಸ ಪ್ಲೇಟು ಸವೆಯುತ್ತದೆ, ಆಗ ಬೋಲ್ಟಪ್ಪನ ಮಾತು ನಿಜವಾಗುತ್ತದೆ.

ತುಂಗೆ ದಡದವ · 9:08

ಬಿಟ್ಟಿಲ್ಲ! ಬೆಳಿಗ್ಗೆ ಮಾಡುತ್ತೇನೆ.

ಸೋಮಾರಿ ಸವಾರ · 9:30

ಈಗ ಸರಿ ಆಯಿತಲ್ಲ. ಮಾರುತ್ತೀರಾ? ನಿಜವಾಗಲೂ ಕೇಳುತ್ತಿದ್ದೇನೆ, ನನಗೊಂದು 800 ಬೇಕಿತ್ತು.

ತುಂಗೆ ದಡದವ · 9:34

ಅಪ್ಪನನ್ನು ಕೇಳಿ ಹೇಳುತ್ತೇನೆ ಅಂದರೆ ಇಲ್ಲ ಅಂತ ಅರ್ಥ.

ಮೈಸೂರು ಮಲ್ಲಿಗೆ ಬಸ್ಸು · 9:50

ಅಲ್ಲಾ, ನನ್ನ ಓಮ್ನಿಗೆ ಹಾಕಿದ ಜಿಎಲ್-5 ಇಳಿಸಬೇಕಾ ಬೇಡವಾ? ಯಾರೂ ಹೇಳಲೇ ಇಲ್ಲವಲ್ಲ.